ಪೊಮೊನಾದ ಒಂಬತ್ತು ಸಾವಿರ ಪೆಟ್ಟಿಗೆ

ಹನ್ನೊಂದು ವರ್ಷಗಳಲ್ಲಿ ದೇವದಾಸ ಬೇಕೆಂದೇ ತಪ್ಪು ಬರೆದದ್ದು ಅದೇ ಮೊದಲು. ಪೊಮೊನಾ ಗೋದಾಮಿನಲ್ಲಿ ಇದ್ದದ್ದು ಒಂಬೈನೂರು ಪೆಟ್ಟಿಗೆ. ಒಂಬತ್ತು ಸಾವಿರವೆಂದು ಬರೆದು, ಲಾಂಗ್ ಬೀಚ್ ಕಚೇರಿಯಿಂದ ಸ್ಯಾನ್ ಡಿಯಾಗೋದ ಹೆಡ್ ಆಫೀಸಿಗೆ ಫ್ಯಾಕ್ಸ್ ಮಾಡಿದ.

ಪ್ರತಿ ಸೋಮವಾರ ಆರು ಗೋದಾಮುಗಳಿಗೆ ಫೋನ್ ಮಾಡಿ, ಎಷ್ಟು ಸರಕಿದೆಯೆಂದು ಕೇಳಿ, ತಾಳೆ ನೋಡಿ, ಒಂದು ಹಾಳೆಗಿಳಿಸಿ ಕಳಿಸುವುದೇ ಅವನ ಕೆಲಸ. ಏಪ್ರಿಲ್‌ನಲ್ಲಿ ಹೆಡ್ ಆಫೀಸಿನ ಇಂಜಿನಿಯರ್ ನಿರುಪಮಾ ಬಂದು ಗೋದಾಮುಗಳಿಗೆಲ್ಲ ಕಂಪ್ಯೂಟರ್ ಹಾಕಿಸಿದ್ದಳು. ಬೆಂಗಳೂರಿನ ಹುಡುಗಿ. "ಅಂಕಲ್, ನೀವು ಏನೇನು ಮಾಡ್ತೀರ, ಒಂದೊಂದಾಗಿ ಹೇಳಿ" ಎಂದಿದ್ದಳು. ಕನ್ನಡ ಕೇಳಿದ ಖುಷಿಗೆ ಅವನು ಏನನ್ನೂ ಮುಚ್ಚಿಡದೆ ಹೇಳಿಕೊಟ್ಟಿದ್ದ. ಅವಳು ಎಲ್ಲವನ್ನೂ ಬರೆದುಕೊಂಡಿದ್ದಳು.

ಅಲ್ಲಿಂದಾಚೆ ಸ್ಯಾನ್ ಡಿಯಾಗೋದಿಂದ ಅವನಿಗೊಂದು ಫೋನೂ ಬಂದಿರಲಿಲ್ಲ.

ಐವತ್ಮೂರನೇ ವಯಸ್ಸಿನಲ್ಲಿ ಈ ಕೆಲಸ ಹೋದರೆ ಇನ್ನೊಂದು ಯಾರು ಕೊಡುತ್ತಾರೆ? ತಪ್ಪು ಕಂಡು ಯಾರಾದರೂ ಬೈದರೂ ಸಾಕು, ತಾನಿನ್ನೂ ಬೇಕು ಎಂದಾಯಿತು. ಮಂಗಳವಾರ ಕಾದ. ಬುಧವಾರ ರಿಸೀವರ್ ಎತ್ತಿ, ಲೈನಿದೆಯೇ ಎಂದು ಎರಡು ಸಲ ನೋಡಿದ.

ಗುರುವಾರ ಫೋನ್ ಬಂತು. ನಿರುಪಮಾ. ದನಿ ತಗ್ಗಿಸಿದ್ದಳು.

"ಅಂಕಲ್, ಪೊಮೊನಾದಲ್ಲಿ ಒಂಬತ್ತು ಸಾವಿರನಾ? ಕಟ್ಟಡ ಒಡೆದೇ ಹೋಗುತ್ತೆ!"

ದೇವದಾಸನಿಗೆ ಜೀವ ಬಂದಂತಾಯಿತು. "ಯಾರು ನೋಡಿದ್ದು? ಸಾಹೇಬ್ರಾ?"

"ಯಾರೂ ಇಲ್ಲ. ಹಳೇ ಕುರ್ಚಿ ಹಾಕಿರೋ ರೂಮಲ್ಲಿದೆ ಫ್ಯಾಕ್ಸ್ ಮೆಷಿನ್. ನಿಮ್ಮ ಹಾಳೆಗಳೆಲ್ಲ ನೆಲದ ಮೇಲೆ ಬಿದ್ದಿದ್ವು. ಗೋದಾಮಿನವರು ಟೈಪ್ ಮಾಡಿದ್ದು ಅದೇ ಕ್ಷಣ ಇಲ್ಲಿ ಕಾಣುತ್ತೆ."

"ಹಾಗಾದ್ರೆ ನಾನು ಎಂತಕ್ಕೆ ಮಾರಾಯ್ತಿ?"

ಅವಳು ದನಿಯನ್ನು ಇನ್ನಷ್ಟು ತಗ್ಗಿಸಿದಳು.

"ನೌಕರರ ಹೊಸ ಪಟ್ಟಿ ಮಾಡುವಾಗ, ಗೋದಾಮಿಗೂ ಹೆಡ್ ಆಫೀಸಿಗೂ ಮಧ್ಯದಲ್ಲಿದ್ದವರನ್ನೆಲ್ಲ ಕೆಲಸದಿಂದ ತೆಗೆದ್ರು. ಗ್ಲೆಂಡೇಲ್ ಆಫೀಸಲ್ಲಿ ನಾಲ್ಕು ಜನ ಹೋದ್ರು. ನಿಮ್ಮನ್ನ ಮರೆತಿದ್ದಾರೆ ಅಂಕಲ್. ಸುಮ್ನಿದ್ದುಬಿಡಿ. ಯಾರ ಕಣ್ಣಿಗೂ ಬೀಳ್ಬೇಡಿ. ಈ ಹಾಳೆ ನಾನು... ಅಯ್ಯೋ, ಯಾರೋ ಬಂದ್ರು."

ಲೈನ್ ಕಡಿಯಿತು. ಹಾಳೆ ಅವಳ ಕೈಯಲ್ಲಿತ್ತೋ, ನೆಲದ ಮೇಲೇ ಇದ್ದು ಬಂದವರ ಕಣ್ಣಿಗೆ ಬಿತ್ತೋ, ಕೇಳಲಾಗಲಿಲ್ಲ.

ನಿಮಿಷ ಕಳೆಯುವಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಂಡಿತು. ಮೂರು ದಿನದಿಂದ ಅದಕ್ಕೇ ಕಾದಿದ್ದ ಕೈ ಈಗ ಮೇಲೇಳಲಿಲ್ಲ. ಎರಡನೇ ರಿಂಗ್. ಮೂರನೆಯದು. ಅದು ನಿಲ್ಲಲೊಲ್ಲದು.

ಎಷ್ಟೋ ವಾರಗಳ ಮೇಲೆ ಕಚೇರಿಯವರೆಲ್ಲ ತಲೆಯೆತ್ತಿ ಅವನ ಮೇಜಿನ ಕಡೆ ನೋಡಿದರು.