ಮಾವನ ಹೆಸರಿನವನು

ಬೆಟ್ಟಗಳು ಇನ್ನೂ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದ ಕಾಲದಲ್ಲಿ ಒಬ್ಬ ಖಾನನಿದ್ದನಂತೆ. ಊರಿನ ಪಿಸುಮಾತೆಲ್ಲ ಕೇಳಿಸುವ ಕಿವಿ ಅವನದು. ಅಳು ಯಾವುದು, ಹಾಡು ಯಾವುದು ಎಂದು ಮಾತ್ರ ತಿಳಿಯದು. ತಿಳಿಸಿಕೊಡಲೆಂದು ಒಬ್ಬ ಬಡವಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದನಂತೆ. ಸಾಯ್ರಾಗುಲ್‌ಗೆ ಅಜ್ಜಿ ಹೇಳಿದ ಕಥೆ. ಈಗ ಕಿರ್ಗಿಸ್ತಾನದ ಬಿಷ್ಕೆಕ್ ನಗರದ ಕಚೇರಿಯೊಂದರಲ್ಲಿ ಆ ಬಡವಿ ಅವಳೇ. ಖಾನನ ಜಾಗದಲ್ಲಿ ಕಂಪ್ಯೂಟರ್. ಹೊಲಿಗೆ ಕಾರ್ಖಾನೆಯ ಹೆಂಗಸರು ಫೋನಿನಲ್ಲಿ ಹೇಳಿದ ದೂರು ನಿಜವೋ ಸುಳ್ಳೋ ಎಂದು ಅದು ತೀರ್ಮಾನಿಸುತ್ತಿತ್ತು. ತಪ್ಪಿದ್ದರೆ ಇವಳು ತಿದ್ದಿ ಕಲಿಸಬೇಕು, ಸರಿಯಿದ್ದರೆ 'ಹೂಂ' ಗುಂಡಿ ಒತ್ತಬೇಕು.

ವಾರಗಿತ್ತಿ ಝೂರಾಕನ್ ಅದೇ ಕಾರ್ಖಾನೆಯಲ್ಲಿ ಹೊಲಿಯುವವಳು. ಬೆಳಿಗ್ಗೆ ಚಹಾ ಬಗ್ಗಿಸುತ್ತ ಕೇಳಿದ್ದಳು: "ಅಕ್ಕ, ಇವತ್ತು ಫೋನ್ ಮಾಡ್ತೀನಿ. ನನ್ ಮಾತು ಆ ಡಬ್ಬಕ್ಕೆ ಸರಿಯಾಗಿ ತಿಳಿಸ್ತೀಯಾ?"

"ತಿಳಿಸ್ತೀನಿ ಕಣೆ. ನಾನಿಲ್ವಾ?"

ಮಧ್ಯಾಹ್ನ ಆ ದನಿ ಕಿವಿಗೆ ಬಂತು.

"ಆ ಬೋಳಿಮಗ ನನ್ನ ಉಗ್ರಾಣಕ್ಕೆ ಎಳ್ಕೊಂಡೋಗಿ ಬಾಗ್ಲು ಹಾಕ್ದ. ಕಿರುಚಿದ್ರೆ ಬಾಯಿಗೆ ಚಿಂದಿ ತುರುಕ್ದ."

"ಅವನ ಹೆಸರು?" ಯಂತ್ರ ಕೇಳಿತು.

"ನಮ್ಮ ಮಾವ್ನೋರ ಹೆಸ್ರಿನೋನು. ಮೇಸ್ತ್ರಿ."

"ಹೆಸರು?"

"ಹೇಳಿದ್ನಲ್ಲ. ಮಾವ್ನೋರ ಹೆಸ್ರು ಸೊಸೆ ಬಾಯಲ್ಲಿ ಹೆಂಗ್ ಬತ್ತದೆ?"

ತೆರೆಯ ಮೇಲೆ ಕೆಂಪಕ್ಷರ ಮೂಡಿತು: ಹೆಸರು ಮುಚ್ಚಿಡುತ್ತಿದ್ದಾಳೆ. ಸುಳ್ಳು ದೂರು. ಕೆಲಸದಿಂದ ತೆಗೆಯಬಹುದು.

ಸಾಯ್ರಾಗುಲ್ ಎದ್ದು ಮ್ಯಾನೇಜರ್ ಎಲ್ದಾರನ ಮುಂದೆ ನಿಂತಳು. "ಸಾರ್, ಇವ್ಳು ನನ್ನ ವಾರಗಿತ್ತಿ. ಸುಳ್ಳಲ್ಲ ಇದು. ನಮ್ ಕಡೆ ಸೊಸೇರು..."

"ಹಂಗಾದ್ರೆ ನೀನೇ ಹೇಳು, ಏನವನ ಹೆಸ್ರು?"

ಅವಳಿಗೂ ಅದೇ ಮಾವ. ಬಾಯಿ ತೆರೆದಳು, ಮುಚ್ಚಿಕೊಂಡಳು.

"ನೋಡ್ರೋ, ಯಂತ್ರಕ್ಕೆ ಮಾತು ಕಲಿಸೋಳಿಗೆ ನಾಲಿಗೆನೇ ಇಲ್ಲ. ಹೋಗೇ, ಕುರಿ ಕಾಯೋಳೆ, ಹೂಂ ಒತ್ತು."

ಸಾಲಾಗಿ ಕಂಪ್ಯೂಟರ್ ಮುಂದೆ ಕೂತಿದ್ದವರೆಲ್ಲ ನಕ್ಕರು. ಅವಳು ಒತ್ತಿದಳು.

ಸಂಜೆ ಊಟಕ್ಕೆ ಕೂತಾಗ ಝೂರಾಕನ್ ಮೆಲ್ಲಗೆ ಕೇಳಿದಳು, "ತಿಳಿಸಿದ್ಯಾ ಅಕ್ಕ?"

"ಹೂಂ."

ಮುದುಕ ಮಾವ ಬಿಸಿ ರೊಟ್ಟಿ ಮುರಿದು ಮೊದಲ ತುಂಡನ್ನು ಎಂದಿನಂತೆ ಸೊಸೆಯಂದಿರಿಗೇ ಚಾಚಿದ. ಸಾಯ್ರಾಗುಲ್ ತನ್ನ ಪಾಲನ್ನೂ ಝೂರಾಕನ್ ತಟ್ಟೆಗೆ ಹಾಕಿದಳು.

ಮರುದಿನ ಆ ದೂರನ್ನು ಮತ್ತೆ ತೆರೆದು ಮೈಕ್ ಒತ್ತಿದಳು.

"ನಿನ್ನೆ ನಾನು ಹೂಂ ಅಂದಿದ್ದು ಸುಳ್ಳು. ಝೂರಾಕನ್ ಹೇಳಿದ್ದು ನಿಜ. ಅವಳ ಬಾಯಿಗೆ ಚಿಂದಿ ತುರುಕಿದ ಮೇಸ್ತ್ರಿ ಹೆಸ್ರು..."

ಎಲ್ದಾರ್ ಕುರ್ಚಿ ತಳ್ಳಿ ಎದ್ದ. ಮುದುಕ ಮಾವನೆದುರು ತಲೆವಸ್ತ್ರ ಕಿತ್ತೆಸೆದು ನಿಂತಂತೆ ಅವಳ ಕತ್ತು, ಕಿವಿ ಸುಟ್ಟವು.

"ಶೇರಾಲಿ," ಎಂದಳು. ದನಿ ಹೊರಟಿತೋ ಇಲ್ಲವೋ ಎನಿಸಿ ಇನ್ನೊಮ್ಮೆ, ಇಡೀ ಸಾಲಿಗೆ ಕೇಳುವಂತೆ, "ಶೇರಾಲಿ."