ಅತ್ತಿಗೆ ಎಬ್ಬಿಸಿದ ಲಾರಿ

"ಸ್ಟ್ರೆಚರ್ ಇಳಿಸಬೇಡಿ. ವ್ಯಾನು ವಾಪಸ್ ಹೋಗಲಿ."

ಬೆಳಗಿನಿಂದ ಮೆಟ್ಟಿಲ ಮೇಲೆ ಕೂತಿದ್ದ ಮುದುಕ ಎದ್ದು ಬಂದು, ಹೆಣ ಸಾಗಿಸುವ ವ್ಯಾನಿನ ಹಿಂಬಾಗಿಲಿಗೆ ಅಡ್ಡ ನಿಂತ. ಒಳಗೆ ನಡುಮನೆಯಲ್ಲಿ ಮಲಗಿಸಿದ್ದದ್ದು ಅವನ ಹೆಂಡತಿಯನ್ನು. ಗ್ಯಾರೇಜುಗಳ ಆ ಬೀದಿಯಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಅತ್ತಿಗೆ ಎಂದೇ.

ವ್ಯಾನು ತರಿಸಿದವನು ಅತ್ತಿಗೆಯ ಅಣ್ಣ. "ಇದೇನು ಭಾವ ಹೊಸ ರಾಗ? ಮತ್ತೆ ಹೇಗೆ ಕರ್ಕೊಂಡು ಹೋಗೋದು?"

"ನಮ್ಮ ಲಾರಿ ಇದೆಯಲ್ಲ."

"ಇಟ್ಟಿಗೆ ಹೊರೋ ಲಾರೀಲಾ? ನೋಡಿದೋರು ಏನಂದಾರು?"

"ಏನಾದ್ರೂ ಅಂದ್ಕೊಳ್ಳಲಿ. ಅದು ಅವಳ ಲಾರಿ."

ಅಪ್ಪನ ಕಣ್ಣು ಮಂಜಾದ ಮೇಲೆ ಲಾರಿ ಓಡಿಸುತ್ತಿದ್ದವಳು ಮಗಳೇ. ಅವಳು ಬಕೆಟ್ಟು, ಪೊರಕೆ ಹಿಡಿದು ಮೇಲೆ ಹತ್ತಿ ತೊಳೆಯತೊಡಗಿದಳು. ಇಟ್ಟಿಗೆ ಧೂಳು ಕೆಂಪಗೆ ಬೀದಿಗೆ ಇಳಿಯಿತು. ಎದುರು ಗ್ಯಾರೇಜಿನ ಮೇಸ್ತ್ರಿ ಮಂಡಿ ಹಿಡಿದುಕೊಂಡೇ ಲಾರಿಯಡಿ ಬಗ್ಗಿ, ಹಿಂದಿನ ಗಾಲಿಗಳ ನಡುವೆ ಬುರುಡೆಯಂತಿದ್ದ ಡಿಫರೆನ್ಶಿಯಲ್ಲನ್ನು ಅಂಗೈಯಿಂದ ತಟ್ಟಿದ.

"ಅತ್ತಿಗೆಯ ಲಾರಿ ಹೇಗಾಯ್ತು? ಸ್ಟೀರಿಂಗ್ ಮುಟ್ಟಿದೋರೇ ಅಲ್ವಲ್ಲ," ಎಂದಳು ಪಕ್ಕದ ಮನೆಗೆ ಈಚೆಗೆ ಬಂದಿದ್ದ ಹೆಂಗಸು.

"ಸತ್ತು ಬಿದ್ದಿತ್ತಮ್ಮ ಇದು," ಎಂದ ಮೇಸ್ತ್ರಿ. "ಎಬ್ಬಿಸಿದ್ದು ಅವರು."

*

ಆಗ ಮಗಳಿನ್ನೂ ಕೈಗೂಸು. ಇಟ್ಟಿಗೆ ತುಂಬಿಕೊಂಡು ಏರು ಹತ್ತುವಾಗ ಲಾರಿಯ ಹಿಂಭಾಗದಲ್ಲಿ ಗಡಗಡ ಸದ್ದೆದ್ದು, ಕೊನೆಗೆ ಢಣ್ ಎಂದಿತು. ಎಂಜಿನ್ನು ಎಷ್ಟು ಕಿರುಚಿದರೂ ಗಾಲಿ ಮಿಸುಕಲಿಲ್ಲ. ಎಳೆದು ತಂದು ಹಿಂದಿನ ಬುರುಡೆ ಬಿಚ್ಚಿದರೆ, ಕಪ್ಪು ಎಣ್ಣೆಯ ಜೊತೆ ಕಬ್ಬಿಣದ ಚೂರುಗಳು ಉದುರಿದವು. ಎಂಜಿನ್ನಿನ ಬಲವನ್ನು ಗಾಲಿಗೆ ಮುಟ್ಟಿಸುವ ಹಲ್ಲುಚಕ್ರಗಳು ಎರಡು: ದೊಡ್ಡದು ಕ್ರೌನು, ಚಿಕ್ಕದು ಪಿನಿಯನ್ನು. ಎರಡೂ ಬೊಚ್ಚುಬಾಯಿ ಆಗಿದ್ದವು.

"ಹೊಸದು ಹಾಕಿಸಬೇಕಾದ್ರೆ ಲಾರೀನೇ ಮಾರಬೇಕು," ಎಂದ ಮೇಸ್ತ್ರಿ.

"ಗುಜರಿಗೆ ಹಾಕಿ ಕೈ ತೊಳ್ಕೊಳ್ಳಿ," ಎಂದ ಅಣ್ಣ.

ಗಂಡ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಊಟಕ್ಕೆ ಕರೆದರೂ ಏಳಲಿಲ್ಲ.

ಅತ್ತಿಗೆ ಮೇಸ್ತ್ರಿಯನ್ನು ಕೇಳಿದಳು. "ಹಳೇದು ಸಿಕ್ಕಿದ್ರೆ ನಡೆಯುತ್ತಾ?"

"ನಡೆಯುತ್ತೆ. ಆದ್ರೆ ಎರಡೂ ಒಟ್ಟಿಗೆ ಸವೆದ ಜೋಡಿ ಆಗಿರಬೇಕು. ಹಲ್ಲಿನ ಲೆಕ್ಕ ಕೂಡಬೇಕು. ಅಂಥದ್ದು ಎಲ್ಲಿ ಸಿಗುತ್ತೆ ಅತ್ತಿಗೆ?"

"ಹುಡುಕಿದ್ರೆ ತಾನೇ ಸಿಗೋದು."

*

"ನನ್ನ ಗುಜರಿಗೆ ಬಂದಾಗ," ಎಂದು ಕತೆಯನ್ನು ಕೈಗೆತ್ತಿಕೊಂಡವನು ಗುಜರಿ ಸಾಹುಕಾರ. ಕೋಲೂರಿಕೊಂಡು ಆಗಷ್ಟೇ ಬಂದು ಕುರ್ಚಿಯಲ್ಲಿ ಕೂತಿದ್ದ. "ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ಮುರಿದ ಪಿನಿಯನ್ನು. ಏನಮ್ಮ ಇದು, ಎರಡನ್ನೂ ಹೊತ್ಕೊಂಡು ಬಂದಿದ್ದೀಯ ಅಂದೆ. 'ಎರಡಕ್ಕೂ ಹಲ್ಲಿಲ್ಲ ಸಾಹುಕಾರ್ರೇ' ಅಂದ್ಲು ಪುಣ್ಯಾತ್ಗಿತ್ತಿ!"

ಲಾರಿಯ ಮೇಲಿದ್ದ ಮಗಳ ಪೊರಕೆ ನಿಂತಿತು. ಅವಳ ಭುಜ ಕುಲುಕಿದ್ದು ಅಳುವಿನಿಂದಲ್ಲ.

"ಒಂದು ಲಾರಿಯ ಕ್ರೌನು, ಇನ್ನೊಂದರ ಪಿನಿಯನ್ನು ತೋರಿಸಿ ಸಾಗಹಾಕೋಕೆ ನೋಡಿದೆ. 'ಸಂಬಂಧ ಕೂಡಿ ಬರಬೇಕಲ್ವಾ? ಯಾರಿಗೋ ಯಾರನ್ನೋ ಗಂಟು ಹಾಕ್ತೀರಾ?' ಅಂತ ನನ್ನನ್ನೇ ತರಾಟೆಗೆ ತಗೊಂಡ್ಲು. ಕೊನೆಗೆ ಮೂತಿ ಜಜ್ಜಿಹೋದ ಒಂದು ಬಸ್ಸಿನಲ್ಲಿ ಸಿಕ್ತು. ಹೊರಗಿನ ಬುರುಡೆ ಬಿರುಕು ಬಿಟ್ಟಿತ್ತು, ಒಳಗಿನ ಜೋಡಿ ಮಾತ್ರ ವಜ್ರ."

"ದುಡ್ಡು?" ಎಂದಳು ಪಕ್ಕದ ಮನೆಯವಳು.

"ದುಡ್ಡೆಲ್ಲಿತ್ತು? ಮಳೆಗಾಲ ಮುಗಿಯೋವರೆಗೂ ನಿಮ್ಮ ಆಳುಗಳಿಗೆ ಮಧ್ಯಾಹ್ನದ ಅಡುಗೆ ಮಾಡಿ ಹಾಕ್ತೀನಿ ಅಂದ್ಲು. ಹಾಕಿದ್ಲು. ಒಬ್ಬೊಬ್ಬನೂ ಬೆಲ್ಟಿಗೆ ಹೊಸ ತೂತು ಕೊರೆಸ್ಕೊಂಡ!"

ಅತ್ತಿಗೆಯ ಅಣ್ಣ ಇಷ್ಟನ್ನೂ ಕೇಳುತ್ತ ನಿಂತಿದ್ದ. ಆಮೇಲೆ ತಾನೇ ಹೋಗಿ ವ್ಯಾನಿನವನಿಗೆ ಏನೋ ಹೇಳಿ ಕಳಿಸಿದ. ತಂಗಿಯನ್ನು ಹೊರಗೆ ತಂದಾಗ, ಎಲ್ಲರಿಗಿಂತ ಮೊದಲು ಲಾರಿ ಹತ್ತಿ, ತಲೆಯ ಕಡೆ ಕೈ ಕೊಟ್ಟ.

*

ಹಲ್ಲುಚಕ್ರ ಸಿಕ್ಕಿದ ಮಾತ್ರಕ್ಕೆ ಮುಗಿಯಲಿಲ್ಲ. ಕೂರಿಸುವುದೇ ದೊಡ್ಡ ಕೆಲಸ. ಹಲ್ಲಿಗೆ ಬಣ್ಣ ಸವರಿ ತಿರುಗಿಸಬೇಕು. ಉಜ್ಜಿದ ಗುರುತು ಹಲ್ಲಿನ ನಡುವೆಯೇ ಬೀಳಬೇಕು. ಬಣ್ಣ ಕೊಳ್ಳಲು ಕಾಸಿಲ್ಲದೆ ಅತ್ತಿಗೆ ಬಟ್ಟೆಗೆ ಹಾಕುವ ನೀಲಿಯನ್ನು ಗ್ರೀಸಿನಲ್ಲಿ ಕಲಸಿದಳು. ಗುರುತು ಹಲ್ಲಿನ ತುದಿಗೆ ಬಿತ್ತು. ಪಿನಿಯನ್ನಿನ ಹಿಂದೆ ತೆಳು ತಗಡಿನ ಬಳೆಯೊಂದನ್ನು ಸೇರಿಸಿದರು. ಈಗ ಬುಡಕ್ಕೆ ಬಿತ್ತು. ಮತ್ತೆ ಬಿಚ್ಚಿದರು, ಮತ್ತೆ ಕೂಡಿಸಿದರು.

ಮೇಸ್ತ್ರಿ ಸ್ಪಾನರ್ ಕೆಳಗಿಟ್ಟ. "ಸಾಕು ಅತ್ತಿಗೆ. ಹೀಗೇ ಓಡುತ್ತೆ ಬಿಡಿ."

"ಓಡೋದು ಬೇರೆ, ಬಾಳೋದು ಬೇರೆ. ಬಿಚ್ಚಿ."

ಆಗ ಗ್ಯಾರೇಜಿನ ಬಾಗಿಲಲ್ಲಿ ಗಂಡ ನಿಂತಿದ್ದ. ತಲೆ ಕೆದರಿತ್ತು, ಕೆನ್ನೆಯ ಮೇಲೆ ಚಾಪೆಯ ಗೆರೆ. ಮೊಣಕೈವರೆಗೂ ನೀಲಿಯಾಗಿದ್ದ ಹೆಂಡತಿ ತಿರುಗಿ ನೋಡಿದಳು. ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಲಿಲ್ಲ.

"ಬಂದ್ರಾ? ಈ ಕಡೆ ಎತ್ತಿ ಹಿಡ್ಕೊಳ್ಳಿ. ಭಾರ ಇದೆ."

ಅವನು ಹಿಡಿದುಕೊಂಡ. ಈ ಸಲ ಗುರುತು ಪ್ರತಿ ಹಲ್ಲಿನ ನಟ್ಟನಡುವೆ ಬಿತ್ತು. ಎಲ್ಲ ಬಿಗಿದು, ಎಣ್ಣೆ ತುಂಬಿ, ಜಾಕಿನ ಮೇಲೆ ಎತ್ತಿ ಗೇರು ಹಾಕಿದಾಗ ಹಿಂದಿನ ಗಾಲಿಗಳು ಸದ್ದಿಲ್ಲದೆ, ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿದವು. ಮೇಸ್ತ್ರಿ ಶಿಳ್ಳೆ ಹಾಕಿದ. ಅತ್ತಿಗೆ ನೀಲಿ ಕೈಯಿಂದಲೇ ಗಂಡನ ಬೆನ್ನಿಗೊಂದು ಗುದ್ದಿದಳು. ಅಂಗಿಯ ಮೇಲಿನ ಆ ಗುರುತು ಒಗೆದರೂ ಹೋಗಲಿಲ್ಲ.

*

ಮಣ್ಣು ಮಾಡಿ ಹಿಂತಿರುಗುವಾಗ ಎಲ್ಲರೂ ಲಾರಿಯನ್ನೇ ಹತ್ತಿದರು. ಮಾತು ತೆಗೆದವನು ಅಣ್ಣ.

"ರಿಪೇರಿ ಆದ್ಮೇಲೆ ಲಾರಿ ಮೊದಲ ಸಲ ಲೋಡ್ ಹಾಕ್ಕೊಂಡು ಏರು ಹತ್ತಿದ ದಿನ ನಾನೂ ಇದ್ದೆ, ಗೊತ್ತಾ? ಹಿಂದೆ ಜಾರಿದ್ರೆ ಗಾಲಿಗೆ ಕೊಡೋಣ ಅಂತ ಇಷ್ಟು ದಪ್ಪದ ಕಲ್ಲು ಹೊತ್ಕೊಂಡು ಹಿಂದೇನೇ ನಡೆದೆ. ಇದು ಸಲೀಸಾಗಿ ಹತ್ತಿಬಿಡ್ತು. ನಾನು ಮಾತ್ರ ಮೇಲಿನವರೆಗೂ ಕಲ್ಲು ಹೊತ್ತೆ. ನನ್ನ ತಂಗಿ ಕಿಟಕಿಯಿಂದ ತಲೆ ಹಾಕಿ, 'ಅಣ್ಣಾ, ಚೆನ್ನಾಗಿದೆ, ಬಟ್ಟೆ ಒಗೆಯೋಕೆ ಇಟ್ಕೋ' ಅಂದ್ಲು."

ಸಾಹುಕಾರ ಮೊದಲು ನಕ್ಕ. ಆಮೇಲೆ ಮೇಸ್ತ್ರಿ. ಆಮೇಲೆ ತಡೆಯಲಾಗದೆ ಎಲ್ಲರೂ ನಕ್ಕರು. ಅಣ್ಣನಂತೂ ಕಣ್ಣೀರು ಸುರಿಸುತ್ತ ನಕ್ಕ. ಅಷ್ಟರಲ್ಲಿ ರೈಲ್ವೆ ಗೇಟು ಬಿದ್ದು ಲಾರಿ ನಿಂತಿತು.

ಪಕ್ಕದಲ್ಲಿ ನಿಂತ ಬಸ್ಸಿನ ಕಿಟಕಿಯಿಂದ ಒಬ್ಬಳು ಹುಡುಗಿ ಕತ್ತು ಚಾಚಿದಳು. "ಮದುವೆ ದಿಬ್ಬಣಾನಾ? ಯಾರ ಮದುವೆ?"

ಅಣ್ಣ ಬೇಗಬೇಗ ಕಣ್ಣೊರೆಸಿಕೊಂಡ.

ಕ್ಯಾಬಿನ್ನಿನ ಹಿಂದೆ ಕಂಬಿ ಹಿಡಿದು ನಿಂತಿದ್ದ ಮುದುಕ ಬಸ್ಸಿನ ಕಡೆ ತಿರುಗಿದ. "ನಂದೇ ಕಣಮ್ಮ," ಎಂದ.

ಬಸ್ಸಿನ ಕಿಟಕಿಗಳ ತುಂಬ ನಗು ಹೊಮ್ಮಿತು. ಗೇಟು ಎದ್ದಿತು, ಮಗಳು ಗೇರು ಹಾಕಿದಳು. ಹಳಿ ದಾಟುವಾಗ ಬಸ್ಸಿನವರೆಲ್ಲ ಕೈ ಬೀಸುತ್ತಿದ್ದರು. ಮುದುಕ ಒಂದು ಕೈಯಲ್ಲಿ ಕಂಬಿ ಹಿಡಿದು, ಕೆದರಿದ ಬಿಳಿ ಕೂದಲನ್ನು ಗಾಳಿಗೆ ಬಿಟ್ಟು, ಬಸ್ಸು ಮರೆಯಾಗುವವರೆಗೂ ಅವರತ್ತ ಕೈ ಬೀಸುತ್ತಲೇ ನಿಂತಿದ್ದ.