ಹುಲಗಮ್ಮ ಹೊತ್ತ ಹರಕೆ

ಕನಕಗಿರಿ ಹತ್ತಿರದ ಒಂದು ಊರು. ಅಲ್ಲಿಯ ಹುಲಗಮ್ಮ ಕೆಟ್ಟ ಅತ್ತೆಯಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಸೊಸೆ ಸುನಿತಾಳಿಗೆ ಬಿಸಿ ರೊಟ್ಟಿ ಕೊಟ್ಟು ತಾನು ತಂಗಳು ತಿನ್ನುವವಳು. ಆದರೆ ಮಗ ಹುಲಿಗೇಶನ ಮದುವೆಯಾಗಿ ಎರಡು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಓಣಿಯವರು ಕೇಳಿ ಕೇಳಿ ಸುನಿತಾ ಹೊರಗೆ ಬರುವುದನ್ನೇ ಬಿಟ್ಟಿದ್ದಳು.

ಹುಲಗಮ್ಮ ಕೈಕಟ್ಟಿ ಕೂರುವ ಪೈಕಿಯಲ್ಲ. ಮನೆದೇವತೆ ಹುಲಿಗೆಮ್ಮನಿಗೆ ಹರಕೆ ಹೊತ್ತಳು. ಪ್ರತಿ ತಿಂಗಳು ಮುಟ್ಟು ಮುಗಿದು ತಲೆಗೆ ನೀರು ಹಾಕಿಕೊಂಡ ದಿನದಿಂದ ಎರಡು ವಾರ ಸೊಸೆ ಮಡಿಯಲ್ಲಿರಬೇಕು. ಒಪ್ಪತ್ತು ಊಟ, ಅತ್ತೆಯ ಪಕ್ಕದಲ್ಲಿ ಚಾಪೆ. ಮಗನ ಹಾಸಿಗೆ ಹೊರಗಿನ ಕಟ್ಟೆಗೆ. ಹೀಗೆ ವರ್ಷ ದಾಟಿತು, ಫಲ ಸಿಗಲಿಲ್ಲ. ಈ ಸಲವೂ ಮುಟ್ಟಾದಾಗ ಸುನಿತಾ ಒಲೆಯ ಮುಂದೆ ಕುಳಿತು ಅತ್ತಳು. ಹುಲಗಮ್ಮ ಸೆರಗಿನಿಂದ ಅವಳ ಕಣ್ಣೊರೆಸಿದಳು. ಎರಡು ವಾರ ಸಾಲದು, ಇನ್ನು ಮೇಲೆ ಮೂರು ವಾರ ಎಂದು ತೀರ್ಮಾನಿಸಿದಳು.

ಅದೇ ಹೊತ್ತಿಗೆ ಊರಿನ ಆಶಾ ಕಾರ್ಯಕರ್ತೆ ಇರ್ಫಾನಾ ಬಂದಳು. ಹುಲಗಮ್ಮ ತನ್ನ ಹರಕೆಯನ್ನು ಹೆಮ್ಮೆಯಿಂದಲೇ ವಿವರಿಸಿದಳು.

"ದೊಡ್ಡವ್ವ, ತಾಯಿ ವರ ಕೊಡಾಕ ಬರೂ ದಿನಾನ ನೀ ಬಾಗಲಾ ಹಾಕೀದಿ ನೋಡು," ಎಂದಳು ಇರ್ಫಾನಾ.

"ನಮ್ಮ ದೇವರ ಸುದ್ದಿ ನಿನಗೇನ ಗೊತ್ತೈತಿ?"

"ದೇವರ ಸುದ್ದಿ ನೀನ ಹೇಳಬೇ. ಮೈ ಸುದ್ದಿ ನಾ ಹೇಳತೇನಿ. ಹೆಣ್ಣಮಕ್ಕಳ ಹೊಟ್ಟ್ಯಾಗ ತಿಂಗಳಿಗೊಮ್ಮಿ ಸಣ್ಣದೊಂದು ತತ್ತಿ ಬಿಡುಗಡಿ ಆಗತೈತಿ. ಅಂಡಾಣು ಅಂತಾರ. ಅದು ಜೀವ ಹಿಡದಿರೂದು ಹೆಚ್ಚಂದ್ರ ಒಂದ ದಿನ. ಗಂಡಸಿನ ವೀರ್ಯ ಒಳಗ ನಾಕೈದು ದಿನ ತಾಳತೈತಿ. ಅದಕ್ಕ ತತ್ತಿ ಬರೂ ದಿನ, ಅದಕ್ಕೂ ಮೊದಲಿನ ನಾಕೈದು ದಿನ ಗಂಡ ಹೆಂಡ್ತಿ ಕೂಡಿದ್ರನ ಬಸಿರು ನಿಲ್ಲತೈತಿ."

"ಅದು ಬರೂದು ಯಾವಾಗ?"

"ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲ. ಎಲ್ಲಾರಿಗೂ ಒಂದ ನಮೂನಿ ಇರಂಗಿಲ್ಲ. ಸುನಿತಾಗ ನಾಕು ವಾರಕ್ಕೊಮ್ಮಿ ಮುಟ್ಟು. ಅಂದ್ರ ನಿನ್ನ ಮಡಿ ದಿನದಾಗನ ಬಂದು ಹೋಗಿರತೈತಿ. ಗುರುತೂ ಐತಿ. ಆಗ ಬಿಳಿಸೆರಗು ತಿಳಿಯಾಗಿ, ಎಳಿ ಎಳಿಯಾಗಿ, ಲೋಳಿ ಲೋಳಿ ಇರತೈತಿ."

ಹುಲಗಮ್ಮ ಅವಳ ಕೈ ಹಿಡಿದಳು. "ತಡಿ ತಡಿ. ನಮ್ಮ ಎಮ್ಮಿ ಬೆದಿಗೆ ಬಂದಾಗೂ ಹಂಗ ಲೋಳಿ ಬೀಳತೈತಿ. ನಾಳಿ ಅಂದ್ರ ಹೊತ್ತು ಮೀರತೈತಿ ಅಂತ ಅವತ್ತ ಡಾಕ್ಟರನ್ನ ಕರಸ್ತೀನಿ. ಎಮ್ಮಿ ವಿಷಯದಾಗ ತಿಳದದ್ದು ಸೊಸಿ ವಿಷಯದಾಗ ತಿಳೀಲಿಲ್ಲಲ್ಲ ನನಗ."

"ಅತ್ತಿ, ನನ್ನ ಎಮ್ಮಿಗೆ ಹೋಲಸ್ತೀರೇನ್ರಿ?" ಸುನಿತಾ ಸೆರಗು ಬಾಯಿಗಿಟ್ಟು ನಕ್ಕಳು. ಎಷ್ಟೋ ದಿನಗಳ ಮೇಲೆ ಕೇಳಿದ ನಗು ಅದು.

"ಎಮ್ಮಿ ಮೈತುಂಬಿ ನಿಂತೈತಿ. ನೀ ಒಪ್ಪತ್ತುಂಡು ಒಣಗೀದಿ," ಎಂದ ಹುಲಗಮ್ಮ ಮರುಕ್ಷಣವೇ ಹೆದರಿದಳು. "ಆದ್ರ ಹರಕಿ ಮುರದ್ರ ಅವ್ವ ಮುನಿಯಂಗಿಲ್ಲೇನು?"

ಗೋಡೆಯ ಮೇಲಿನ ದೇವಿಯ ಪಟಕ್ಕೆ ಕೈಮುಗಿದಳು. ಕೊನೆಗೆ ಅವಳೇ ಎದ್ದು ಸೊಸೆಯ ಚಾಪೆ ಸುತ್ತಿದಳು. "ಹರಕಿ ಹೊತ್ತಾಕಿ ನಾನು, ಇನ್ನ ಮ್ಯಾಲೆ ಮಡಿ, ಒಪ್ಪತ್ತು ಹಿಡಿಯಾಕಿನೂ ನಾನ. ನೀ ಎರಡೂ ಹೊತ್ತು ಹೊಟ್ಟಿತುಂಬ ಉಣ್ಣು."

ಇರ್ಫಾನಾ ಇನ್ನೊಂದು ಮಾತು ಹೇಳಿದಳು. "ವರ್ಷ ದಾಟೈತಿ. ಇಬ್ಬರೂ ಡಾಕ್ಟರಿಗೆ ತೋರಿಸ್ರಿ."

"ನನ್ನ ಮಗಗ್ಯಾಕ? ಹೋರಿಯಂಗ ಅದಾನ."

"ಕೂಸು ಇಬ್ಬರದು ದೊಡ್ಡವ್ವ. ತಪಾಸಣಿನೂ ಇಬ್ಬರದು."

ಅಕ್ಕಿ ಗಿರಣಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ಹುಲಿಗೇಶ, "ನಾನೂ ಬರ್ತೀನಿ," ಎಂದ. ಅಷ್ಟೇ ಅಂದ. ಸುನಿತಾಳಿಗೆ ಅಷ್ಟೇ ಬೇಕಾಗಿತ್ತು.

ಗಂಗಾವತಿಯಲ್ಲಿ ತಪಾಸಣೆಯಾಯಿತು. ಇಬ್ಬರಲ್ಲೂ ದೋಷವಿಲ್ಲ. ಗರ್ಭ ನಿಲ್ಲುವ ಮೊದಲೇ ತೆಗೆದುಕೊಳ್ಳಬೇಕಾದ ಫೋಲಿಕ್ ಆಮ್ಲದ ಗುಳಿಗೆಯನ್ನೂ ಡಾಕ್ಟರು ಸುನಿತಾಳಿಗೆ ಬರೆದುಕೊಟ್ಟರು. ಹುಲಿಗೇಶನ ಹಾಸಿಗೆ ಒಳಗೆ ಬಂತು, ಹುಲಗಮ್ಮನ ಹಾಸಿಗೆ ತಾನಾಗಿಯೇ ಕಟ್ಟೆಗೆ ಹೋಯಿತು. ಮೊದಲ ತಿಂಗಳು ಆಗಲಿಲ್ಲ. ಎರಡನೆಯ ತಿಂಗಳೂ ಆಗಲಿಲ್ಲ. "ಗಾಬರಿ ಆಗಬ್ಯಾಡ್ರಿ, ತಡ ಆಗೂದು ಸಹಜ," ಎಂದು ಇರ್ಫಾನಾ ಧೈರ್ಯ ಹೇಳಿದಳು.

ಆಮೇಲೊಂದು ತಿಂಗಳು ಮುಟ್ಟು ತಪ್ಪಿತು. ಇರ್ಫಾನಾ ತಂದ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿದವು. ಹುಲಗಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಎರಡು ಅಂದ್ರೇನವ್ವ?" ಎಂದಳು. "ನೀ ಅಜ್ಜಿ ಆಗತೀ ಅಂತ," ಎಂದಳು ಇರ್ಫಾನಾ. ಹುಲಗಮ್ಮ ಸೊಸೆಯನ್ನೂ ಇರ್ಫಾನಾಳನ್ನೂ ಒಟ್ಟಿಗೆ ತಬ್ಬಿ ಅತ್ತಳು, ಅಳುತ್ತಲೇ ನಕ್ಕಳು. ಓಣಿಯ ಹೆಂಗಸರು ಓಡಿ ಬಂದು ಯಾವ ಹರಕೆ ಫಲಿಸಿತೆಂದು ಕೇಳಿದರು.

"ಹರಕಿ ನಾ ಹಿಡದೆ," ಎಂದಳು ಹುಲಗಮ್ಮ. "ದಿನ ಅವರು ಹಿಡದ್ರು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮಗುವಿನ ಆಸೆ ಇದೆಯೇ? ಮುಟ್ಟಿನ ದಿನ ನೆನಪಿಡಿ, ಮೈಯ ಗುರುತು ತಿಳಿಯಿರಿ. ದಿನ ಖಾತ್ರಿಯಾಗದಿದ್ದರೆ ಮುಟ್ಟು ಮುಗಿದ ಮೇಲೆ ಎರಡು ವಾರ ದಿನ ಬಿಟ್ಟು ದಿನ ಕೂಡಿದರೂ ಸಾಕು. ವರ್ಷವಾದರೂ ಬಸಿರಾಗದಿದ್ದರೆ, ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರೇ ತಿಂಗಳಿಗೆ, ಮುಟ್ಟು ಏರುಪೇರಾಗಿದ್ದರೆ ಕಾಯದೆ, ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋಗಿ. ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಇವತ್ತೇ ಮಾತಾಡಿಸಿ. ಕೇಳಲು ನಾಚಬೇಡಿ, ಸೊಸೆಯೊಬ್ಬಳನ್ನೇ ದೂರಬೇಡಿ.